ಸೇಫ್ಟಿ ಪೊರ್ಬುವಿನ ಜಪಾನ್

ಯಾರ ಮನೆಗೆ ಹೋದರೂ ಕೂರುವ ಮೊದಲು ಸಿರಿಲ್ ಕಿಸೆಯಿಂದ ಕರವಸ್ತ್ರ ತೆಗೆದು ಕುರ್ಚಿ ಒರೆಸುತ್ತಿದ್ದ. ಮನೆಯಾಕೆ ಎದುರಿಗೇ ನಿಂತಿದ್ದರೂ ಅವನಿಗೆ ಸಂಕೋಚವಿಲ್ಲ. ಒರೆಸಿದ ಮೇಲೆ ಕರವಸ್ತ್ರವನ್ನು ಬೆಳಕಿಗೆ ಹಿಡಿದು ನೋಡುವುದು, ಧೂಳು ಕಂಡರೆ ಅದನ್ನು ನಮಗೂ ತೋರಿಸುವುದು. ಬಹರೈನಿನಲ್ಲಿ ಧೂಳು ಕೂರದ ಕುರ್ಚಿ ಎಲ್ಲಿಂದ ತರುವುದು? ಬುಸೈತೀನಿನ ನಮ್ಮ ಕಟ್ಟಡದಲ್ಲಿ ಅವನ ಕರವಸ್ತ್ರದ ಪರೀಕ್ಷೆಯಲ್ಲಿ ಪಾಸಾದ ಮನೆ ಒಂದೂ ಇರಲಿಲ್ಲ.

ಸಿತ್ರಾದ ಒಂದು ಕಾರ್ಖಾನೆಯಲ್ಲಿ ಅವನು ಸೇಫ್ಟಿ ಮ್ಯಾನೇಜರ್. ನನ್ನ ಗಂಡ ಪ್ರಭಾಕರ ಅವನ ಕೈಕೆಳಗೆ. ನಮ್ಮೂರ ತುಳುವರು ಕ್ರೈಸ್ತ ಗಂಡಸರನ್ನು ಪೊರ್ಬು ಎನ್ನುವುದುಂಟಲ್ಲ, ಹಾಗೆ ಕಾರ್ಖಾನೆಯ ಮಂಗಳೂರಿನವರೆಲ್ಲ ಬೆನ್ನ ಹಿಂದೆ ಅವನನ್ನು ಸೇಫ್ಟಿ ಪೊರ್ಬು ಎನ್ನುತ್ತಿದ್ದರು. ಎದುರಿಗೆ ಮಾತ್ರ ಸರ್. ನಾನೂ ಹನ್ನೊಂದು ವರ್ಷ ಸರ್ ಎಂದೇ ಕರೆದೆ, ಬಹುವಚನವನ್ನೇ ಕೊಟ್ಟೆ. ಈಗ ಏಕವಚನದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ.

"ಸಿಸ್ಟಮ್ ಬೇಕು, ಸಿಸ್ಟಮ್! ನಮ್ಮವರಿಗೆ ಅದೇ ಇಲ್ಲದ್ದು" ಎನ್ನುವುದು ಅವನ ಮಾತು. ಕಾರು ತೊಳೆಯುವ ಬಾಂಗ್ಲಾದವನಿಗೂ ಅದೇ ಪಾಠ, ಮೀನು ಮಾರುವವನಿಗೂ ಅದೇ ಪಾಠ. ಕನ್ನಡಿಗರ ಕೂಟದ ಕಾರ್ಯಕ್ರಮ ಆರಕ್ಕೆ ಎಂದರೆ ಆರಕ್ಕೇ ಬಂದು, ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಕೂರುತ್ತಿದ್ದ. ತಡವಾಗಿ ಬಂದವರನ್ನು ಒಬ್ಬೊಬ್ಬರನ್ನಾಗಿ ದಿಟ್ಟಿಸುವ ಸುಖಕ್ಕಾಗಿಯೇ ಅವನು ಬರುತ್ತಿದ್ದ ಎಂದು ನನ್ನ ನಂಬಿಕೆ. ಅಂಥವನಿಗೆ ಜಪಾನಿನ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಅವನ ಹೆಂಡತಿ ಫ್ಲೋರಿನ್ ಬಾಯಿ ಬೇರೆಯೇ ಬಗೆಯವರು. ಮೆಲುಮಾತಿನ ಹೆಂಗಸು. ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ನಾನು ನರ್ಸ್ ಆದ್ದರಿಂದ, ನಮ್ಮ ಮೇಲಿನ ಮಹಡಿಯಲ್ಲಿದ್ದ ಅವರು ಏನೇ ಆದರೂ ಮೊದಲು ನಮ್ಮ ಮನೆಯ ಬೆಲ್ ಒತ್ತುತ್ತಿದ್ದರು. ಜಪಾನಿನ ಹಳ್ಳಿಗಾಡಿನಲ್ಲಿ ಆರು ದಿನ ಬಾಡಿಗೆ ಕಾರಿನಲ್ಲಿ ತಿರುಗುವುದು ಎಂದು ಸಿರಿಲ್ ಗೊತ್ತುಮಾಡಿ, ನಾವೂ ಬರಬೇಕೆಂದಾಗ ನನಗೆ ಸುತರಾಂ ಮನಸ್ಸಿರಲಿಲ್ಲ. ಫ್ಲೋರಿನ್ ಬಾಯಿ ಮೆಟ್ಟಿಲಿನಲ್ಲಿ ನನ್ನ ಕೈ ಹಿಡಿದುಕೊಂಡರು. "ನೀನು ಬಾ ಸುಜಾತಾ. ನೀನು ಜೊತೆಗಿದ್ದರೆ ನನಗೆ ಧೈರ್ಯ."

ಹೋದೆವು. ವಿಮಾನದಲ್ಲಿಯೇ ಅವನು ಪ್ಲಾಸ್ಟಿಕ್ ಹೊದಿಸಿದ ವೇಳಾಪಟ್ಟಿಯನ್ನು ಎಲ್ಲರಿಗೂ ಹಂಚಿದ. ಎಂಟು ಹತ್ತಕ್ಕೆ ಹೊರಡುವುದು. ಹತ್ತು ಇಪ್ಪತ್ತೈದಕ್ಕೆ ಕಾಲು ಸಡಿಲಿಸಲು ವಿರಾಮ, ಏಳು ನಿಮಿಷ. ಏಳು ನಿಮಿಷದಲ್ಲಿ ನಾಲ್ಕು ಜನ ಮೂತ್ರಕ್ಕೆ ಹೋಗಿ ಬರುವುದು ಹೇಗೆ ಎಂದು ಪ್ರಭಾಕರ ಕೇಳಿದ್ದಕ್ಕೆ, "ಜಪಾನಿನವರಿಗೆ ಐದು ಸಾಕು" ಎಂದ. ಕಾರಿನೊಳಗೆ ತಿನ್ನುವಂತಿಲ್ಲ ಎನ್ನುವುದು ಇನ್ನೊಂದು ನಿಯಮ. ಕೊಟ್ಟ ಹಾಗೆಯೇ ಕಾರನ್ನು ಹಿಂದಿರುಗಿಸಬೇಕಂತೆ. ಬಿಸ್ಕತ್ತು, ಖರ್ಜೂರ ಎಲ್ಲ ಡಿಕ್ಕಿಗೆ ಹೋದವು. ಫ್ಲೋರಿನ್ ಬಾಯಿಯ ಕೈಚೀಲದಲ್ಲಿದ್ದ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣವನ್ನೂ ಅವನೇ ತೆಗೆದು ಸೂಟ್‌ಕೇಸಿನೊಳಗೆ ತುರುಕಿದ್ದನ್ನು ನಾನು ಕಣ್ಣಾರೆ ನೋಡಿದೆ. ನೋಡಿ ಸುಮ್ಮನಿದ್ದೆ. ಪ್ರಭಾಕರರ ಕಾಂಟ್ರಾಕ್ಟ್ ಆ ತಿಂಗಳು ನವೀಕರಣಕ್ಕೆ ಬಂದಿತ್ತು, ಸಹಿ ಹಾಕಬೇಕಾದವನು ಇವನೇ.

ದೇಶವೇನೋ ಚಂದ. ಬೆಟ್ಟದ ಬುಡದಲ್ಲಿ ಹರಿವ ಹೊಳೆ, ಕೊಯ್ಲು ಮುಗಿದ ಗದ್ದೆ, ಒಂದು ಸುರಂಗ ದಾಟಿದರೆ ಇನ್ನೊಂದು ಸುರಂಗ. ಮನೆಗಳ ಮಾಡಿನಡಿ ಸಿಪ್ಪೆ ಸುಲಿದ ಕಿತ್ತಳೆ ಬಣ್ಣದ ಹಣ್ಣುಗಳನ್ನು ಹಗ್ಗಕ್ಕೆ ಕಟ್ಟಿ ಒಣಗಿಸಲು ತೂಗುಹಾಕಿದ್ದರು. ಇಳಿದು ನೋಡಲು ಸಿಕ್ಕಿದ್ದರೆ ಇನ್ನೂ ಚಂದ ಕಾಣುತ್ತಿತ್ತೇನೋ. ಇಳಿಸುವವನಲ್ಲ ಅವನು. ದಾರಿ ತೋರಿಸುವ ಯಂತ್ರದ ಹೆಣ್ಣುದನಿ ಜಪಾನಿ ಭಾಷೆಯಲ್ಲಿ ಏನಾದರೂ ಹೇಳಿದರೆ "ಹಾಯ್, ಹಾಯ್" ಎಂದು ಅವರದೇ ಮಾತಿನಲ್ಲಿ ಹೂಂಗುಟ್ಟಿ ತಲೆಬಾಗಿಸುತ್ತಿದ್ದ. ಹೆಂಡತಿ ಏನಾದರೂ ಹೇಳಿದರೆ ಮಾತ್ರ ಅವನಿಗೆ ಕಿವಿ ಕೇಳುತ್ತಿರಲಿಲ್ಲ.

ನಾಲ್ಕನೆಯ ದಿನ. ಉಳಿದುಕೊಂಡಿದ್ದ ಮನೆಯಲ್ಲಿ ಬೆಳಗಿನ ತಿಂಡಿಗೆ ಅನ್ನ, ಹಸಿ ಮೊಟ್ಟೆ, ತಣ್ಣಗಿನ ಮೀನು. ಫ್ಲೋರಿನ್ ಬಾಯಿ ಇನ್ಸುಲಿನ್ ಚುಚ್ಚಿಕೊಂಡಿದ್ದರು. ಆದರೆ ಎರಡು ತುತ್ತಿಗಿಂತ ಹೆಚ್ಚು ಸೇರಲಿಲ್ಲ. ಏಳು ನಿಮಿಷದ ವಿರಾಮವೂ ಆ ದಿನ ರದ್ದಾಗಿತ್ತು, ರಸ್ತೆ ದುರಸ್ತಿಯಿಂದ ತಡವಾಯಿತೆಂದು. ಹನ್ನೊಂದೂವರೆಯ ಹೊತ್ತಿಗೆ ಫ್ಲೋರಿನ್ ಬಾಯಿ ಮೆಲ್ಲಗೆ, "ಎಲ್ಲಿಯಾದರೂ ಸ್ವಲ್ಪ ನಿಲ್ಲಿಸ್ತೀರಾ? ಎಂತದೋ ಆಗ್ತಾ ಉಂಟು" ಎಂದರು.

"ಊಟ ಹನ್ನೆರಡು ನಲವತ್ತಕ್ಕೆ. ಟೇಬಲ್ ಬುಕ್ ಆಗಿದೆ" ಎಂದ ಸಿರಿಲ್.

ನಾನು ಅವರ ಪಕ್ಕದಲ್ಲಿಯೇ ಕೂತಿದ್ದೆ. ಹಣೆಯ ಮೇಲೆ ಬೆವರು ಕಂಡೆ. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಅದರ ಅರ್ಥ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ, "ಸರ್, ಸಾಧ್ಯವಾದರೆ ಒಂದೈದು ನಿಮಿಷ..." ಎಂದು ಎರಡು ಸಲ ರಾಗ ಎಳೆದು ಸುಮ್ಮನಾದೆ. ಮುಂದಿನ ಸೀಟಿನಲ್ಲಿ ಪ್ರಭಾಕರ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೀಗೆ ಮುಕ್ಕಾಲು ಗಂಟೆ ಕಳೆಯಿತು. ಆ ಮುಕ್ಕಾಲು ಗಂಟೆಗಾಗಿ ನಾನು ಸಿರಿಲ್‌ನನ್ನು ಎಷ್ಟು ಹೀಗಳೆಯುತ್ತೇನೋ ನನ್ನನ್ನೂ ಅಷ್ಟೇ ಹೀಗಳೆಯುತ್ತೇನೆ.

ಇದ್ದಕ್ಕಿದ್ದಂತೆ ಫ್ಲೋರಿನ್ ಬಾಯಿ, "ಪಾಪುವಿನ ಸ್ಕೂಲ್ ಬಸ್ ಬಂತಾ?" ಎಂದರು. ಅವರ ಮಗಳಿಗೆ ಮದುವೆಯಾಗಿ ಎಂಟು ವರ್ಷ. ಕೈ ಮುಟ್ಟಿದೆ, ಮಂಜುಗಡ್ಡೆ. ಕಣ್ಣು ನನ್ನ ಮುಖದ ಮೇಲೆ ನಿಲ್ಲುತ್ತಿರಲಿಲ್ಲ.

"ಸರ್, ಗಾಡಿ ನಿಲ್ಲಿಸಿ! ಅವರಿಗೆ ಶುಗರ್ ಇಳಿದಿದೆ!"

"ಸಿಸ್ಟರ್, ಇಲ್ಲಿ ಪಾರ್ಕಿಂಗ್ ಇಲ್ಲ. ಸಿಕ್ಕಿದ ಕಡೆ ನಿಲ್ಲಿಸಲು ಇದು ಬಹರೈನಿನ ಹಮದ್ ಟೌನ್ ಅಲ್ಲ."

"ನಿಲ್ಲಿಸ್ತೀಯಾ ಇಲ್ಲವಾ!"

ಏಕವಚನ ಅಂದು ಬಾಯಿಗೆ ಬಂದದ್ದು ಮತ್ತೆ ಹೋಗಲಿಲ್ಲ. ಕಾರು ನಿಂತಿತು.

ನಿಂತದ್ದು ಒಂದು ಶೆಡ್ಡಿನ ಮುಂದೆ. ರಸ್ತೆಬದಿಯಲ್ಲಿ ಪಾನೀಯದ ಯಂತ್ರವೊಂದಿತ್ತು. ಜಪಾನಿನಲ್ಲಿ ಜನವಿಲ್ಲದ ಕಡೆಯೂ ಅದೊಂದು ಇರುತ್ತದೆ. ಪ್ರಭಾಕರ ಅತ್ತ ಓಡಿದರು. ಡಿಕ್ಕಿ ತೆರೆದು ನಾಲ್ಕು ಸೂಟ್‌ಕೇಸ್ ಇಳಿಸದೆ ಬಿಸ್ಕತ್ತು ಸಿಗುವಂತಿರಲಿಲ್ಲ. ಶೆಡ್ಡಿನಲ್ಲಿ ಹಣ್ಣು ವಿಂಗಡಿಸುತ್ತಿದ್ದ ಮುದುಕಿಯೊಬ್ಬರು ನನ್ನ ಕೂಗಿಗೆ ಎದ್ದು ಬಂದು, ಫ್ಲೋರಿನ್ ಬಾಯಿಯ ಮುಖ ನೋಡಿ, ತಿರುಗಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಮೆತ್ತಗೆ ಕಳಿತ ಆ ಕಿತ್ತಳೆ ಬಣ್ಣದ ಹಣ್ಣು, ಒಂದು ಚಮಚ. ನಾನು ಪ್ರಭಾಕರ ತಂದ ಹಣ್ಣಿನ ರಸವನ್ನು ಗುಟುಕು ಗುಟುಕಾಗಿ ಕುಡಿಸಿದೆ. ನುಂಗುವ ಶಕ್ತಿ ಇನ್ನೂ ಇತ್ತು, ಪುಣ್ಯ. ಆಮೇಲೆ ಆ ಅಜ್ಜಿಯೇ ಚಮಚದಲ್ಲಿ ಹಣ್ಣು ತಿನ್ನಿಸಿದರು. ತಮ್ಮ ಹತ್ತಿಯ ಕೋಟು ಬಿಚ್ಚಿ ಫ್ಲೋರಿನ್ ಬಾಯಿಗೆ ಹೊದಿಸಿ, ನೆಲದ ಮೇಲೆ ಕೂತು ಅವರ ಪಾದಗಳನ್ನು ಉಜ್ಜಿದರು. ಕಾಲು ಗಂಟೆಯಲ್ಲಿ ಫ್ಲೋರಿನ್ ಬಾಯಿಗೆ ನಮ್ಮ ಗುರುತು ಹತ್ತಿತು.

ಆಗ ಅವನೇನು ಮಾಡುತ್ತಿದ್ದ? ಕಾರಿನ ಮ್ಯಾಟಿನ ಮೇಲೆ ಚೆಲ್ಲಿದ ರಸವನ್ನು ಒರೆಸುತ್ತಿದ್ದ. ಬಗ್ಗಿ, ಮೂಲೆ ಮೂಲೆಯನ್ನೂ ಬಿಡದೆ. ಕಲೆ ಹೋದ ಮೇಲೂ ಅದೇ ಜಾಗವನ್ನು ಒರೆಸುತ್ತಲೇ ಇದ್ದ ಎಂದು ಪ್ರಭಾಕರ ಆಮೇಲೆ ಹೇಳಿದರು. ನಾನು ನೋಡಲಿಲ್ಲ. ನೋಡಿದ್ದರೂ ಕರಗುತ್ತಿರಲಿಲ್ಲ. ಹೊರಡುವಾಗ ಅಜ್ಜಿಗೆ ಸೊಂಟ ಬಗ್ಗಿಸಿ ಅಚ್ಚುಕಟ್ಟಾಗಿ ವಂದಿಸಿದ. ನಾವು ಧನ್ಯವಾದ ಹೇಳಿದ ಜಪಾನಿ ಮಾತಿನ ಉಚ್ಚಾರ ತಪ್ಪೆಂದು ಕಾರಿನಲ್ಲಿ ತಿದ್ದಿದ. ಹೊರಡುವ ಮೊದಲು ನಾನು ಸೂಟ್‌ಕೇಸಿನಿಂದ ತೆಗೆದುಕೊಟ್ಟ ಬಿಸ್ಕತ್ತಿನ ಪೊಟ್ಟಣ ಮಾತ್ರ ಫ್ಲೋರಿನ್ ಬಾಯಿಯ ಮಡಿಲಲ್ಲಿಯೇ ಇತ್ತು. ಅದನ್ನು ಅವನು ಮತ್ತೆ ತೆಗೆಯಹೋಗಲಿಲ್ಲ.

ಬಹರೈನಿಗೆ ಮರಳಿದ ಮೇಲಿನದು ಇನ್ನೂ ಚಂದ. ಕನ್ನಡಿಗರ ಕೂಟದಲ್ಲಿ ಅವನ ಭಾಷಣ, 'ಜಪಾನಿನಿಂದ ನಾವು ಕಲಿಯಬೇಕಾದದ್ದು', ಗೋಡೆಯ ಮೇಲೆ ಫೋಟೊ ಸಮೇತ. ಆ ಬೆಟ್ಟದ ರಸ್ತೆಯ ಫೋಟೊ ಬಂದಾಗ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೇಳಿದ: "ಇಲ್ಲಿ ನನ್ನ ಮಿಸೆಸ್‌ಗೆ ಸ್ವಲ್ಪ ತಲೆ ಸುತ್ತು ಬಂತು. ನಾನು ಕನ್ನಡಿಯಲ್ಲಿ ಗಮನಿಸಿದೆ, ತಕ್ಷಣ ಗಾಡಿ ನಿಲ್ಲಿಸಿದೆ. ಸೇಫ್ಟಿ ಎಂದರೆ ಅದು. ಅಲರ್ಟ್ ಆಗಿರಬೇಕು." ಜನ ಚಪ್ಪಾಳೆ ತಟ್ಟಿದರು. ನನ್ನ ಕೆನ್ನೆ ಬಿಸಿಯಾಯಿತು. ಪ್ರಭಾಕರ ಮೊಣಕೈಯಿಂದ ತಿವಿದರು, ಸುಮ್ಮನಿರು ಎಂದು.

ಎರಡನೆಯ ಸಾಲಿನಿಂದ ಫ್ಲೋರಿನ್ ಬಾಯಿ ಎದ್ದು ನಿಂತರು. ಅವರು ಸಭೆಯಲ್ಲಿ ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ.

"ನೀವು ನಿಲ್ಲಿಸಿದ್ದಲ್ಲ. ನಾನು ಕೇಳಿದೆ, ನೀವು ನಿಲ್ಲಿಸಲಿಲ್ಲ. ಸುಜಾತಾ ಬೊಬ್ಬೆ ಹಾಕಿದ ಮೇಲೆ ನಿಲ್ಲಿಸಿದ್ದು. ನನ್ನ ಬಿಸ್ಕತ್ತು ನೀವು ಡಿಕ್ಕಿಯಲ್ಲಿ ಇಟ್ಟಿದ್ದಿರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಮಾರ್ಕೆಟ್ಟಿನಿಂದ ಏನೇನು ತಂದೆ ಎಂದು ಹೇಳುವ ಹಾಗೆ ಹೇಳಿ ಕೂತುಬಿಟ್ಟರು. ಸಿರಿಲ್ ಕೈಯಲ್ಲಿದ್ದ ಗುಂಡಿ ಒತ್ತಿದ. ಗೋಡೆಯ ಮೇಲೆ ರೈಲು ನಿಲ್ದಾಣದ ಫೋಟೊ ಬಂತು. "ಇಲ್ಲಿ ರೈಲು ಒಂದು ನಿಮಿಷ ತಡವಾದರೂ ಕ್ಷಮೆ ಕೇಳುತ್ತಾರೆ" ಎಂದ.

ಪ್ರಭಾಕರರ ಕಾಂಟ್ರಾಕ್ಟಿಗೆ ಅವನು ಸಹಿ ಹಾಕಿದ, ಅದನ್ನು ಮರೆಮಾಚಲಾರೆ. ನಮ್ಮ ಮನೆಗೆ ಬರುವುದನ್ನು ಮಾತ್ರ ಬಿಟ್ಟ. ನನ್ನ ಕುರ್ಚಿಗಳಿಗೆ ನೆಮ್ಮದಿ.

ಎರಡು ವರ್ಷ ಕಳೆದು ಅವನು ನಿವೃತ್ತನಾದ. ಊರಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಫ್ಲೋರಿನ್ ಬಾಯಿಯನ್ನು ನೋಡಲೆಂದು ಮೇಲೆ ಹೋದೆ. ಅವರು ಪಕ್ಕದ ಮನೆಗೆ ಗಿಡದ ಕುಂಡಗಳನ್ನು ಕೊಡಲು ಹೋಗಿದ್ದರು. ಕಟ್ಟಿಟ್ಟ ರಟ್ಟಿನ ಡಬ್ಬಗಳ ನಡುವೆ ಸಿರಿಲ್ ಒಬ್ಬನೇ ನಿಂತಿದ್ದ. ವಾಪಸು ಬರಲು ತಿರುಗಿದೆ.

"ಸಿಸ್ಟರ್." ನನ್ನ ಮುಖ ನೋಡದೆ ಕೇಳಿದ. "ಆ ದಿನ... ನಿಲ್ಲಿಸದೆ ಹೋಗಿದ್ದರೆ ಎಂತ ಆಗ್ತಿತ್ತು?"

ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ಮೆತ್ತಗೆ ಹೇಳುವ ಅಭ್ಯಾಸ ನನಗಿದೆ. ಅವನಿಗೆ ಮೆತ್ತಗೆ ಹೇಳಬೇಕೆನಿಸಲಿಲ್ಲ. "ಮೊದಲು ಫಿಟ್ಸ್ ಬರ್ತಿತ್ತು. ಆಮೇಲೆ ಪ್ರಜ್ಞೆ ಹೋಗ್ತಿತ್ತು. ವಾಪಸು ಬರ್ತಿತ್ತು ಅಂತ ಹೇಳಲಿಕ್ಕೆ ಆಗುವುದಿಲ್ಲ."

ಅವನು ಒಂದು ಡಬ್ಬದ ಮೇಲಿನ ಟೇಪನ್ನು ಹೆಬ್ಬೆರಳಿನಿಂದ ಒತ್ತುತ್ತಾ ನಿಂತ. ಆಗಲೇ ಚೆನ್ನಾಗಿ ಅಂಟಿದ್ದ ಟೇಪು ಅದು. ಕೊನೆಗೆ ಹೇಳಿದ: "ಊಟದ ಹೋಟೆಲು ಅಲ್ಲಿಂದ ಹದಿನೆಂಟು ಕಿಲೋಮೀಟರ್ ಮಾತ್ರ ಇತ್ತು. ಹದಿನೆಂಟು ಪಾಯಿಂಟ್ ನಾಲ್ಕು."

ತಪ್ಪಾಯಿತು ಎನ್ನುವ ಮಾತು ಆ ಬಾಯಿಂದ ಬರುತ್ತದೆಂದು ಒಂದು ಗಳಿಗೆ ನಿರೀಕ್ಷಿಸಿದ್ದ ನನಗೆ ಮೈಯೆಲ್ಲ ಉರಿಯಿತು. ತಿರುಗಿ ಹೊರಗೆ ಬಂದೆ. ಪಕ್ಕದ ಮನೆಯ ಬಾಗಿಲಲ್ಲಿ ಫ್ಲೋರಿನ್ ಬಾಯಿಯನ್ನು ತಬ್ಬಿಕೊಂಡು ಅತ್ತೆ, ಅವರೂ ಅತ್ತರು. ಕೆಳಗಿಳಿಯುವಾಗ ಅರ್ಧ ಮೆಟ್ಟಿಲಿನಲ್ಲಿ ನನ್ನ ಕಾಲು ನಿಂತಿತು. ನಾವು ನಿಂತ ಆ ಶೆಡ್ಡಿಗೆ ಹೆಸರಿಲ್ಲ, ವಿಳಾಸವಿಲ್ಲ. ಅದನ್ನು ನಕ್ಷೆಯಲ್ಲಿ ಹುಡುಕಿ ಹಿಡಿಯಬೇಕಾದರೆ ಆ ರಸ್ತೆಯನ್ನು ಸುರಂಗ ಸುರಂಗವಾಗಿ, ತಿರುವು ತಿರುವಾಗಿ ಎಷ್ಟು ಸಲ ನೋಡಿರಬೇಕು ಅವನು, ಈ ಎರಡು ವರ್ಷದಲ್ಲಿ, ಒಬ್ಬನೇ ಕೂತು.

ಹಿಂದಿರುಗಿ ಮೇಲೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅವರು ಹೋದರು. ಟ್ಯಾಕ್ಸಿ ಆರೂವರೆಗೆ ಎಂದಿದ್ದನಂತೆ, ಆರು ಇಪ್ಪತ್ತಕ್ಕೇ ಹೊರಟದ್ದರಿಂದ ನನಗೆ ಕಿಟಕಿಯಿಂದಲೂ ಕಾಣಲಿಲ್ಲ.