ಕಮಲಾಪುರದ ಬೀಗರು

ತೊಂಬತ್ತರ ದಶಕದಲ್ಲಿ ನಾನು ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಓಡಾಡಿ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ವಾದ ಇಷ್ಟೇ: ವಯಸ್ಸಾದವರಿಗೆ ಔಷಧ ಕೊಡುವವರೂ, ಅವರ ಮನೆಯ ಕಷ್ಟಕ್ಕೆ ಸರ್ಕಾರದ ನೆರವು ಕೊಡಿಸುವವರೂ ಒಟ್ಟಿಗೆ ಕೂತು ಮಾತಾಡಬೇಕು. ಕಮಲಾಪುರದಲ್ಲಿ ಸರ್ಕಾರಿ ಡಾಕ್ಟರ ಕೋಣೆಗೂ ಸಮಾಜ ಕಲ್ಯಾಣ ಇಲಾಖೆಯ ಸಾಹೇಬರ ಕೋಣೆಗೂ ನಡುವೆ ಒಂದೇ ಗೋಡೆ. ಆದರೂ ಇಬ್ಬರೂ ಒಮ್ಮೆಯೂ ಮಾತಾಡಿದವರಲ್ಲ! ಗೋಗರೆದು, ರೇಗಿ, ಅಂತೂ ಒಂದು ದಿನ ಇಬ್ಬರನ್ನೂ ಒಬ್ಬ ಅಜ್ಜಿಯ ಮುಂದೆ ಕೂರಿಸಿದೆ. ಅವಳಿಗೆ ಮೊಣಕಾಲು ನೋವು. ಮನೆಯಲ್ಲಿ ನೀರು ತಂದುಕೊಡುವವರೂ ಇಲ್ಲ.

“ಕಲಬುರಗ್ಯಾಗ ನಿಮ್ಮ ಮನಿ ಎಲ್ಲಿ ಬರ್ತದ್ರಿ?” ಎಂದರು ಡಾಕ್ಟರು, ಸಾಹೇಬರಿಗೆ.

“ಬ್ರಹ್ಮಪುರದಾಗ್ರಿ.”

“ಹೌದಾ! ನಮ್ಮ ಅತ್ತಿ ಮನಿನೂ ಅಲ್ಲೇ!”

ಮುಗೀತು. ಇಬ್ಬರ ಮನೆಮಾತೂ ಮರಾಠಿ ಎಂದು ಗೊತ್ತಾಗಿ ಅದಕ್ಕೇ ಹೊರಳಿದರು. ಯಾರ ಸೋದರತ್ತೆ ಯಾರ ಮನೆಗೆ ಸೊಸೆಯಾಗಿ ಹೋದಳೆಂದು ಹುಡುಕುತ್ತಾ ಹುಡುಕುತ್ತಾ ಕೊನೆಗೆ ಬೀಗರೇ ಆಗಿಬಿಟ್ಟರು. ಚಹಾ ಬಂತು, ನಗು ಬಂತು. ನನ್ನ ಪ್ರಶ್ನೆಗಳೆಲ್ಲ ಬಾಯಲ್ಲೇ ಉಳಿದವು.

ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು.

“ಬೀಗರು ಒಂದಾದ್ರಿ, ಭಾಳ ಚಲೋ ಆತು. ಈಗ ನನ್ನ ಮೊಣಕಾಲು ಯಾರ ಪಾಲಿಗೆ ಬಂತು, ಅದನ್ನ ಹೇಳ್ರಿ!”