ಅರ್ಧ ಮಾತಿಗೆ ಬಿಟ್ಟ ಗುಂಡಿ

ಶಾಂತಕ್ಕ, ನಿಮ್ಮ ಕಿವಿ ಚೆನ್ನಾಗಿಯೇ ಇದ್ದವು. ತಪ್ಪಿದ್ದು ನನ್ನ ಹೆಬ್ಬೆರಳು. ಇದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ನಮ್ಮನ್ನು ಅರಿಯದವರಿಗೆ ಸ್ವಲ್ಪ ಹೇಳಬೇಕು. ನಾನು ಅಫಜಲಪುರದಲ್ಲಿ ವಕೀಲ. ಶಾಂತಕ್ಕ ಅತನೂರಿನವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹವ್ಯಾಸಕ್ಕೆಂದು ಮನೆಯಿಂದಲೇ ಊರೂರಿನವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊದ ಹುಚ್ಚು ನನಗೆ ಹಿಡಿಸಿದ್ದೇ ಅವರು. ಪರೀಕ್ಷೆ ಪಾಸಾಗಿ ಲೈಸೆನ್ಸು ಕೈಗೆ ಬರುವವರೆಗೆ ನನ್ನ ಬೆನ್ನು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ನಾವು ಕೆಲವರು ರೇಡಿಯೊದಲ್ಲಿ ಸೇರುತ್ತಿದ್ದೆವು. ಅವರು ‘ಶರಣ್ರಿ’ ಅನ್ನುವರು, ನಾನು ‘ಜೈ ಭೀಮ್ ಅಕ್ಕಾ’ ಅನ್ನುವೆ, ಜೇವರ್ಗಿಯಿಂದ ಗೆಳೆಯ ರಶೀದ್ ಸಲಾಮ್ ಹೇಳಿ ನಾಷ್ಟಾ ಏನೆಂದು ವಿಚಾರಿಸುವ. ಆಳಂದದವರು ಯಾವಾಗಲೂ ತಡ.

ರೇಡಿಯೊದಲ್ಲಿ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ನಮ್ಮ ಮಾತು ಹೋಗುತ್ತದೆ. ಬಿಟ್ಟರೆ ಆಚೆಯವರ ಮಾತು ಬರುತ್ತದೆ. ನನಗೋ ಸದಾ ಅವಸರ. ಮಾತು ಇನ್ನೂ ಬಾಯಲ್ಲಿರುವಾಗಲೇ ಬೆರಳು ಸಡಿಲ.

“ವಕೀಲ್ರ, ನಮ್ಮ ಕನ್ನಡದಾಗ ಹೌದು-ಬ್ಯಾಡ ಎಲ್ಲಾ ಮಾತಿನ ಬಾಲದಾಗ ಇರ್ತಾವ. ಬಾಲ ಕತ್ತರಿಸಬ್ಯಾಡ್ರಿ. ಮಾತು ಮುಗದ ಮ್ಯಾಲ ಒಂದು ಉಸಿರು ತಡದು ಗುಂಡಿ ಬಿಡ್ರಿ” ಎಂದು ಅವರು ಎಷ್ಟು ಸಲ ಹೇಳಿದರೋ. ಮೇಷ್ಟ್ರಗಿರಿ ಇನ್ನೂ ಬಿಟ್ಟಿಲ್ಲ ಎಂದು ನಾನು ನಗುತ್ತಿದ್ದೆ.

ಭೀಮಾ ನದಿ ಉಕ್ಕಿದ ಆ ವರ್ಷ ಕರೆಂಟು ಹೋಯಿತು, ಟವರುಗಳು ಸತ್ತವು, ಎಲ್ಲರ ಮೊಬೈಲೂ ಬರೀ ಡಬ್ಬಿ. ಕಾರಿನ ಬ್ಯಾಟರಿಗೆ ರೇಡಿಯೊ ಜೋಡಿಸಿಕೊಂಡು ನಾನು ನನ್ನ ಕಚೇರಿಯಲ್ಲಿ ಕೂತೆ, ಶಾಂತಕ್ಕ ಅತನೂರಿನ ಶಾಲೆಯಲ್ಲಿ. ಯಾರ ಮನೆಗೆ ನೀರು ಹೊಕ್ಕಿತು, ಯಾವ ಮುದುಕರಿಗೆ ಯಾವ ಗುಳಿಗೆ ಬೇಕು — ಎಲ್ಲವೂ ಅವರ ದನಿಯಲ್ಲೇ ಬರುತ್ತಿತ್ತು. ಒಂದು ಚೂರೂ ಗಾಬರಿಯಿಲ್ಲದ ದನಿ. ಅದನ್ನು ಕೇಳಲೆಂದೇ ಜನ ನನ್ನ ಬಾಗಿಲಲ್ಲಿ ಕೂಡುತ್ತಿದ್ದರು, ಕೇಳಿ ಸಮಾಧಾನಪಟ್ಟು ಹೋಗುತ್ತಿದ್ದರು. ಅಂಥ ದನಿಯನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ.

ಮಧ್ಯಾಹ್ನ ಅವರ ತಮ್ಮನ ಮಗಳಿಗೆ ಹೆರಿಗೆ ನೋವು ಶುರುವಾಯಿತು. ಟ್ರ್ಯಾಕ್ಟರಿನಲ್ಲಿ ಹಳ್ಳ ದಾಟಿಸಿ ಅಫಜಲಪುರಕ್ಕೆ ಕರೆತರಬಹುದೇ ಎಂದು ಅವರು ಕೇಳಿದರು. ಹಳ್ಳದ ಸೇತುವೆಯ ಮೇಲೆ ನೀರು ಬರುತ್ತಿದೆ, ಯಾರೂ ದಾಟಕೂಡದು ಎಂದು ಅದನ್ನು ನೋಡಿ ಬಂದವರು ನನಗೆ ಆಗಷ್ಟೇ ತಿಳಿಸಿದ್ದರು. ನಾನು ಗುಂಡಿ ಒತ್ತಿ, “ಅಕ್ಕಾ, ಹಳ್ಳ ದಾಟಿ ಬರಬ್ಯಾಡ್ರಿ” ಎಂದೆ. ಅದೇ ಹೊತ್ತಿಗೆ ಯಾರೋ ಫೋಟೊ ತೆಗೆಯಲು ಬಂದರು — ಪ್ರವಾಹದಲ್ಲಿ ರೇಡಿಯೊ ಹಿಡಿದ ವಕೀಲ! ಮಾತಿನ ನಡುವೆಯೇ ಕ್ಯಾಮೆರಾ ಕಡೆ ತಿರುಗಿದೆ, ಬೆರಳು ಬಿಟ್ಟೆ. ಗರಗರ ಸದ್ದು ಯಾಕೆಂದು ರೇಡಿಯೊದ ದನಿಯನ್ನೂ ಪೂರ್ತಿ ತಗ್ಗಿಸಿದೆ. ಕ್ರಾಪು ಸರಿಮಾಡಿಕೊಂಡೆ — ಅದನ್ನೂ ಹೇಳಿಬಿಡುತ್ತೇನೆ.

ಅತನೂರಿಗೆ ಮುಟ್ಟಿದ್ದು ‘ಹಳ್ಳ ದಾಟಿ ಬರ’ — ಅಷ್ಟೇ.

ಮುಂದೆ ನಡೆದದ್ದನ್ನು ಅವರ ತಮ್ಮನೇ ನನಗೆ ಹೇಳಿದ. “ಬರ್ರಿ ಅಂದಾರ, ಹೊಡಿ ಗಾಡಿ” ಎಂದು ಅವನು ಕೂಗಿದ್ದಾನೆ. ಶಾಂತಕ್ಕ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತಿದ್ದಾರೆ. “ಬರ ಅನ್ನೂ ತನಕ ಕೇಳೇನಿ, ಮುಂದಿಂದು ಕೇಳಿಲ್ಲ. ಕೇಳದ ಮಾತಿಗೆ ನಾ ಹುಡುಗೀನ್ನ ಕಳಸಂಗಿಲ್ಲ. ವಕೀಲ್ರನ್ನ ಕರ್ಯಾಕತ್ತೇನಿ, ತಡಿ.” ಬಾಯಿಗೆ ಬಂದಂತೆ ತಮ್ಮ ಬೈದಿದ್ದಾನೆ, ಒಳಗೆ ಹುಡುಗಿ ನರಳುತ್ತಿದ್ದಾಳೆ, ಅವರು ಮಾತ್ರ ಕದಲಿಲ್ಲ. ಕರೆಯುತ್ತಲೇ ಇದ್ದರು. ನನ್ನ ರೇಡಿಯೊ ಮೂಕವಾಗಿತ್ತು, ನಾನೇ ಮೂಕ ಮಾಡಿದ್ದೆ.

ನಾನು ದನಿ ಏರಿಸುವ ಹೊತ್ತಿಗೆ ಸೇತುವೆಯ ಒಂದು ಪಕ್ಕ ಕೊಚ್ಚಿಹೋಗಿತ್ತು. ಟ್ರ್ಯಾಕ್ಟರು ಹೊರಟಿದ್ದರೆ — ಆ ಯೋಚನೆಯನ್ನು ಇವತ್ತಿಗೂ ಪೂರ್ತಿ ಮಾಡಲಾರೆ. ‘ಬರಬೇಕೋ ಬ್ಯಾಡೋ, ಇನ್ನೊಮ್ಮೆ ಹೇಳ್ರಿ’ ಎಂದು ಅಕ್ಕ ಇನ್ನೂ ಕರೆಯುತ್ತಿದ್ದರು. ಆಗ ನನ್ನ ಬಾಯಿಂದ ಬಂದ ಮಾತು ಇದು: “ಆಗಲೇ ಸ್ವಚ್ಛ ಹೇಳೇನಲ್ರಿ ಅಕ್ಕಾ, ಬರಬ್ಯಾಡ್ರಿ ಅಂತ! ನಿಮಗ ಕೇಳಸಲಿಲ್ಲೇನು?” ಈ ಸಲ ಗುಂಡಿ ಗಟ್ಟಿಯಾಗಿ ಒತ್ತಿದ್ದೆ. ಶಾಲೆಯಲ್ಲಿ ಕೂಡಿದ್ದ ಅಷ್ಟೂ ಜನ ಕೇಳಿದರು.

ಶಾಲೆಯ ಕೋಣೆಯಲ್ಲೇ, ಊರಿನ ನರ್ಸಮ್ಮನ ಕೈಯಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಸುಖ. ಫೋನುಗಳು ಮತ್ತೆ ಶುರುವಾದ ಕೂಡಲೇ ರಶೀದ್ ನನಗೆ ಕರೆ ಮಾಡಿದ. ಅವನೂ ಜೇವರ್ಗಿಯಲ್ಲಿ ಕೇಳುತ್ತಿದ್ದವನೇ. “ಭಾಯಿ, ನಿಮ್ಮ ಮಾತು ‘ಬರ’ಕ್ಕೇ ಕಟ್ ಆತು. ನಾನೂ ನಿಮ್ಮನ್ನ ಕರದು ಸಾಕಾದೆ. ಅಕ್ಕಗ ಹೇಳ್ರಿ. ನೀವೇ ಹೇಳಬೇಕು.” ಹೂಂ ಎಂದೆ. ಆಳಂದದ ರೇಡಿಯೊ ಗೆಳೆಯರು ಸಭೆ ಕರೆದು ನನಗೆ ಶಾಲು ಹೊದಿಸಿದರು. ನನ್ನ ಒಂದು ಮಾತು ಎರಡು ಜೀವ ಉಳಿಸಿತೆಂದು ಹೊಗಳಿದರು. ಕೈ ಮುಗಿದು ಕೂತೆ.

ಮರುವಾರ ಶಾಂತಕ್ಕ ರೇಡಿಯೊದಲ್ಲಿ ಹೇಳಿದರು: “ಶರಣ್ರಿ. ವಯಸ್ಸಾತು, ನನ್ನ ಕಿವಿ ನಂಬಂಗಿಲ್ಲ. ನಾ ತಪ್ಪು ಕೇಳಿ ಯಾರದರ ಜೀವ ಹೋದೀತು. ಇನ್ನ ಮ್ಯಾಲ ಬರೇ ಕೇಳ್ತೇನಿ, ಮಾತಾಡಂಗಿಲ್ಲ.” ಮಾತು ಮುಗಿಸಿ, ಒಂದು ಉಸಿರು ತಡೆದು, ಗುಂಡಿ ಬಿಟ್ಟರು. ಅಂದು ನಾನು ಬಾಯಿ ಬಿಡಬಹುದಿತ್ತು. “ಆಗಲಿ ಅಕ್ಕಾ” ಎಂದೆ.

ಅಂದಿನಿಂದ ಅವರು ರೇಡಿಯೊದಲ್ಲಿ ಮಾತಾಡಿಲ್ಲ. ಎದುರಿಗೆ ಸಿಕ್ಕರೆ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಕೇಳುತ್ತಾರೆ, ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಮೂರು ತಾಲೂಕಿನಲ್ಲೇ ಎಲ್ಲಕ್ಕಿಂತ ನಂಬಿಗಸ್ತ ಕಿವಿಗಳವು. ಅವುಗಳ ಮೇಲೆ ಅವರಿಗೇ ಅನುಮಾನ ಹುಟ್ಟಿಸಿದವನು ನಾನು.

ಶಾಂತಕ್ಕ, ಈ ಭಾನುವಾರ ಆಳಂದ, ಜೇವರ್ಗಿ ಎಲ್ಲರೂ ಕೇಳುವಾಗಲೇ ಇದನ್ನು ಹೇಳುತ್ತೇನೆ. ನಿಮ್ಮ ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಾಲ ಕತ್ತರಿಸದೆ ಪೂರ್ತಿ ಹೇಳಿ, ಒಂದು ಉಸಿರು ತಡೆದು ಗುಂಡಿ ಬಿಡುತ್ತೇನೆ. ಆಮೇಲೆ ದನಿ ತಗ್ಗಿಸದೆ ಕೂತಿರುತ್ತೇನೆ — ನೀವು ಮಾತಾಡಿದರೂ, ಮಾತಾಡದಿದ್ದರೂ.