ಕ್ಯಾಪ್ಟನ್ ಮಲ್ಲಿಕಾ ಸತ್ತಳೇ, ಬದುಕಿದಳೇ?

ಕೋವಿಡ್ ಕಳೆದು ಗ್ರಂಥಾಲಯಗಳ ಬಾಗಿಲು ಮತ್ತೆ ತೆರೆದ ಮರುವರ್ಷದ ಮಾತು. ನಾನಾಗ ಯಲಬುರ್ಗಾದಲ್ಲಿ ಗ್ರಂಥಪಾಲಕಿ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಬೆಳಿಗ್ಗೆ ಪತ್ರಿಕೆ ಓದಲು ಬರುವ ಹಿರಿಯರು, ಮಧ್ಯಾಹ್ನ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಸಂಜೆ ಕಾದಂಬರಿ ಒಯ್ಯುವ ನಾಲ್ಕಾರು ಮಂದಿ. ಇಷ್ಟೇ ನಮ್ಮ ಲೋಕ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಂಡ ದೊಡ್ಡ ಅಪರಾಧವೆಂದರೆ ಪತ್ರಿಕೆಯಿಂದ ಪದಬಂಧ ಹರಿದುಕೊಂಡು ಹೋಗುವುದು. ಹೀಗಿರುವಾಗ ಒಂದು ದಿನ, ವಾಪಸು ಬಂದ ಪುಸ್ತಕಗಳನ್ನು ತಪಾಸಣೆ ಮಾಡುತ್ತಿದ್ದಾಗ, ಒಂದು ಕಾದಂಬರಿಯ ಅಂಚಿನ ತುಂಬ ಜಗಳ ಕಂಡಿತು.

ಅದು ‘ದೂರಕಕ್ಷೆ’ ಎಂಬ ವೈಜ್ಞಾನಿಕ ಕಾದಂಬರಿ ಮಾಲೆಯ ಏಳನೆಯ ಪುಸ್ತಕ. ಆ ಮಾಲೆಯ ಬಗ್ಗೆ ಎರಡು ಮಾತು ಹೇಳಬೇಕು. ನಾಲ್ವರು ಗೆಳೆಯರು ಸೇರಿ ಒಂದೇ ಕಲ್ಪನೆಯ ಜಗತ್ತನ್ನು ಹಂಚಿಕೊಂಡು, ಸರದಿಯ ಮೇಲೆ ಒಂಬತ್ತು ಕಾದಂಬರಿ ಬರೆದಿದ್ದರು. ಅದೇ ಗ್ರಹಗಳು, ಅದೇ ‘ತುಂಗೆ’ ಎಂಬ ಸರಕು ನೌಕೆ, ಅದೇ ಪಾತ್ರಗಳು; ಬರೆಯುವ ಕೈ ಮಾತ್ರ ಬೇರೆ ಬೇರೆ. ಮುಖಪುಟದ ಮೇಲೆ ಇದ್ದದ್ದು ಕಾವ್ಯನಾಮಗಳಷ್ಟೇ. ಹತ್ತನೆಯ ಪುಸ್ತಕ ಬರಲೇ ಇಲ್ಲ. ಪ್ರಕಾಶನ ಮುಚ್ಚಿತು. ಕಥೆ ನಡುದಾರಿಯಲ್ಲಿ ನಿಂತಿತು.

ಅಂಚಿನಲ್ಲಿ ಇದ್ದದ್ದು ಎರಡು ಕೈಬರಹ. ಒಂದು ಪೆನ್ಸಿಲ್, ಇನ್ನೊಂದು ನೀಲಿ ಪೆನ್ನು. ‘ಈ ದನಿ ಮಲ್ಲಿಕಾಳದ್ದಲ್ಲ. ಮೂರನೇ ಪುಸ್ತಕ, ಪುಟ 84 ನೋಡಿ’ ಎಂದು ಪೆನ್ಸಿಲ್. ‘ನೋಡಿದೆ. ನೀವು ಐದನೇ ಪುಸ್ತಕ ನೋಡಿ’ ಎಂದು ನೀಲಿ ಪೆನ್ನು. ಮುಂದಿನ ಪುಟದಲ್ಲಿ ಪೆನ್ಸಿಲ್ ಮತ್ತೆ ಹಾಜರು. ಇಬ್ಬರೂ ಬಹುವಚನ ಬಿಟ್ಟಿರಲಿಲ್ಲ. ಬೈಗುಳ ಒಂದೂ ಇರಲಿಲ್ಲ.

ಪುಸ್ತಕದ ಮೇಲೆ ಬರೆಯುವುದು ನಿಯಮಭಂಗ. ಓದುಗರಿಗೆ ನೋಟಿಸ್ ಕೊಡಬೇಕು. ನಾನು ವಿತರಣಾ ವಹಿ ತೆಗೆದೆ. ಯಾವ ಪುಸ್ತಕ ಯಾವ ದಿನ ಯಾರ ಕೈಗೆ ಹೋಯಿತು ಎಂದು ಬರೆದಿಡುವ ರಿಜಿಸ್ಟರ್ ಅದು. ಏಳನೆಯ ಪುಸ್ತಕವನ್ನು ಒಯ್ದವರು ಇಬ್ಬರೇ. ಒಬ್ಬರ ನಂತರ ಇನ್ನೊಬ್ಬರು, ಹೀಗೆ ತಲಾ ನಾಲ್ಕು ಸಲ. ಒಬ್ಬರು ವಿದ್ಯುತ್ ಇಲಾಖೆಯ ಲೈನ್‌ಮನ್ ಹನುಮಂತಪ್ಪ. ಇನ್ನೊಬ್ಬರು ಮಂಗಳೂರಿನ ಅಂಗನವಾಡಿ ಕಾರ್ಯಕರ್ತೆ ಈರಮ್ಮ. ಮಂಗಳೂರು ಎಂದರೆ ಕಡಲ ದಂಡೆಯದ್ದಲ್ಲ, ನಮ್ಮ ಭಾಗದ ದೊಡ್ಡ ಹಳ್ಳಿ.

ಮೊದಲು ಸಿಕ್ಕವರು ಹನುಮಂತಪ್ಪ. ಸೊಂಟಕ್ಕೆ ಕಟಿಂಗ್ ಪ್ಲೇಯರ್ ಸಿಕ್ಕಿಸಿಕೊಂಡೇ ಪುಸ್ತಕ ಬದಲಿಸಲು ಬಂದಿದ್ದರು. ನಾನು ಪುಟ ತೆರೆದು ತೋರಿಸಿದೆ. ಅವರು ಸುಳ್ಳು ಹೇಳಲಿಲ್ಲ.

“ಬರದಾಂವ ನಾನ ರೀ ಮೇಡಂ. ದಂಡ ಹಾಕ್ರಿ, ಕಟ್ತೀನಿ. ಆದ್ರ ಆ ನೀಲಿ ಪೆನ್ನಿನವ್ರು ಯಾರಂತ ಒಂದಿಷ್ಟು ಹೇಳ್ರಿ.”

ಅದರ ಮರುವಾರ ಈರಮ್ಮನೂ ಬಂದರು. ಅವರು ಕೇಳಿದ್ದೂ ಅದೇ. ಹೆಸರು ಹೇಳುವ ಬದಲು ನಾನೊಂದು ಇನ್ನೂರು ಪುಟದ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟೆ. ಬರೆಯುವುದಿದ್ದರೆ ಇದರಲ್ಲಿ ಬರೆಯಿರಿ, ನಮ್ಮ ಪುಸ್ತಕ ಬಿಟ್ಟುಬಿಡಿ ಎಂದೆ. ಬರೆದಿಟ್ಟಿದ್ದ ಎರಡು ನೋಟಿಸುಗಳು ನನ್ನ ಡ್ರಾಯರಿನಲ್ಲೇ ಉಳಿದವು.

ಒಂದು ತಿಂಗಳಲ್ಲಿ ನೋಟ್‌ಬುಕ್ಕಿನ ಕಾಲು ಭಾಗ ತುಂಬಿತು. ಪರೀಕ್ಷೆಗೆ ಓದುವವರೂ ಕದ್ದು ಓದತೊಡಗಿದರು. ಕುತೂಹಲ ತಡೆಯಲಾರದೆ ನಾನೂ ಒಂಬತ್ತೂ ಪುಸ್ತಕ ಓದಿ ಮುಗಿಸಿದೆ. ಎರಡನೇ ತಿಂಗಳು ಒಂದು ಭಾನುವಾರ ಇಬ್ಬರೂ ಎದುರುಬದುರು ಕೂತರು. ಹನುಮಂತಪ್ಪ ಈರಮ್ಮನನ್ನು ‘ಟೀಚರ’ ಎಂದು ಕರೆದರು, ಅವರು ಇವರನ್ನು ‘ಅಣ್ಣಾರ’ ಎಂದರು. ಆಮೇಲೆ ಎರಡು ತಾಸು ಯಾರಿಗೂ ಯಾರೂ ಬಿಟ್ಟುಕೊಡಲಿಲ್ಲ.

ಚರ್ಚೆಯ ವಿಷಯ ಇಷ್ಟು. ಮೂರನೆಯ ಪುಸ್ತಕದಲ್ಲಿ ಹನ್ನೊಂದನೇ ನಿಲ್ದಾಣದ ಗಾಳಿ ಸೋರತೊಡಗುತ್ತದೆ. ಕ್ಯಾಪ್ಟನ್ ಮಲ್ಲಿಕಾ ಉಳಿದವರನ್ನೆಲ್ಲ ಕೊನೆಯ ದೋಣಿಯಲ್ಲಿ ಕಳಿಸಿ ತಾನೊಬ್ಬಳೇ ಉಳಿಯುತ್ತಾಳೆ. ಏಳನೆಯ ಪುಸ್ತಕದಲ್ಲಿ ತುಂಗೆ ನೌಕೆ ಅಪಾಯಕ್ಕೆ ಸಿಕ್ಕಾಗ ರೇಡಿಯೋದಲ್ಲಿ ಅವಳ ದನಿ ಕೇಳುತ್ತದೆ: ಬಾಗಿಲು ತೆರೆಯಬೇಡಿ. ಅವಳು ಬದುಕಿದ್ದಾಳೆಯೇ? ಪುಸ್ತಕಗಳು ಹೇಳುವುದಿಲ್ಲ.

ಹನುಮಂತಪ್ಪ ಅವಳು ಸತ್ತಳೆನ್ನುವ ಪಕ್ಷ. ನಿಲ್ದಾಣದ ಬ್ಯಾಟರಿ ಹದಿನಾರು ದಿನಕ್ಕಿಂತ ಹೆಚ್ಚು ಬರುವುದಿಲ್ಲವೆಂದು 84ನೇ ಪುಟದಲ್ಲೇ ಇದೆ. ಕರೆಂಟ್ ಇಲ್ಲದೆ ಗಾಳಿ ಯಂತ್ರ ನಡೆಯುವುದಿಲ್ಲ. ದನಿ ಅವಳ ಮಾತನ್ನು ಅನುಕರಿಸುವ ನೌಕೆಯ ಯಂತ್ರದ್ದು ಎಂದು ಅವರ ವಾದ. ಈರಮ್ಮನ ಆಧಾರ ಐದನೆಯ ಪುಸ್ತಕ. ಅದರಲ್ಲಿ ಪಾಳುಬಿದ್ದ ಅದೇ ನಿಲ್ದಾಣದಲ್ಲಿ ತುಂಗೆ ಒಂದು ದಿನ ತಂಗಿ ಹೊರಡುತ್ತದೆ. ನೌಕೆಯಲ್ಲಿ ಹದಿನೆಂಟು ಮಂದಿ, ಪಯಣ ಇಪ್ಪತ್ತು ದಿನ, ತಲೆಗೆ ದಿನಕ್ಕೆ ಮೂರು ಊಟದ ಪೊಟ್ಟಣ. ಒಟ್ಟು ಒಂದು ಸಾವಿರದ ಎಂಬತ್ತು ಖರ್ಚಾಗಬೇಕು. ಆದರೆ ಹೊರಟಾಗಿನ ಮತ್ತು ತಲುಪಿದಾಗಿನ ದಾಸ್ತಾನು ಎರಡು ಬೇರೆ ಅಧ್ಯಾಯಗಳಲ್ಲಿ ಇದ್ದು, ಕಳೆದು ನೋಡಿದರೆ ಒಂದು ಸಾವಿರದ ನೂರಾ ನಲವತ್ತು ಬರುತ್ತದೆ. ಅರವತ್ತು ಪೊಟ್ಟಣ ಹೆಚ್ಚು. ಒಬ್ಬರ ಇಪ್ಪತ್ತು ದಿನದ ಊಟ. ದಿನವೂ ಮಕ್ಕಳ ಹಾಜರಿಗೂ ಬೇಳೆ ಅಕ್ಕಿಗೂ ತಾಳೆ ಹಾಕುವ ಹೆಣ್ಣುಮಗಳ ಕಣ್ಣಿಗೆ ಮಾತ್ರ ಬೀಳುವ ಸಂಗತಿ ಅದು. ಅಚ್ಚಿನ ತಪ್ಪಿರಬೇಕು ಎಂದು ಹನುಮಂತಪ್ಪ ತಳ್ಳಿಹಾಕಿದರು.

ನಾಲ್ಕನೇ ತಿಂಗಳಲ್ಲಿ ಅನಾಹುತವಾಯಿತು. ವಾದದ ಬಿಸಿಯಲ್ಲಿ ಹನುಮಂತಪ್ಪ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದರು: ‘ಸತ್ತವರನ್ನು ಬದುಕಿಸುವ ಹಟ ಬಿಡಿ ಟೀಚರ. ಅದರಿಂದ ಸಂಕಟ ನಿಮಗೇ.’ ಅದನ್ನು ಓದಿದ ಈರಮ್ಮ ಎದ್ದುಹೋದರು. ಮೂರು ದಿನದ ಮೇಲೆ ಅವರ ಊರಿನವರೊಬ್ಬರ ಕೈಯಲ್ಲಿ ಪುಸ್ತಕಗಳೂ ಸದಸ್ಯತ್ವದ ಕಾರ್ಡೂ ವಾಪಸು ಬಂದವು. ಅವರಿಂದಲೇ ಗೊತ್ತಾಯಿತು, ಈರಮ್ಮನ ಅಕ್ಕ ಕೋವಿಡ್ಡಿನ ಎರಡನೇ ಅಲೆಯಲ್ಲಿ ತೀರಿಕೊಂಡಿದ್ದರು. ಕೊನೆಗೆ ಮುಖ ನೋಡಲೂ ಆಗಿರಲಿಲ್ಲ.

ಹನುಮಂತಪ್ಪನಿಗೆ ಈ ವಿಷಯ ಹೇಳಿದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಿ, ತಾವು ಬರೆದ ಸಾಲನ್ನು ಮತ್ತೆ ತೆರೆದು ಓದಿದರು. ನನಗೂ ತಪ್ಪಿತಸ್ಥ ಭಾವನೆ. ನೋಟ್‌ಬುಕ್ ಇಟ್ಟವಳು ನಾನೇ. ಆ ಶನಿವಾರ ಬಸ್ಸು ಹಿಡಿದು ಮಂಗಳೂರಿಗೆ ಹೋದೆ.

ಅಂಗನವಾಡಿಯಲ್ಲಿ ಮಕ್ಕಳ ಊಟ ಮುಗಿದಿತ್ತು. ಈರಮ್ಮ ಚಾಪೆ ಸುತ್ತುತ್ತಿದ್ದರು. ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡ ಸಾಂತ್ವನದ ಮಾತು ಶುರುಮಾಡಿದೆ. ದುಃಖದಲ್ಲಿರುವವರಿಗೆ ಕಥೆಯಲ್ಲಾದರೂ ಒಬ್ಬರು ಬದುಕಿರಲಿ ಎನಿಸುವುದು ಸಹಜ, ಹನುಮಂತಪ್ಪ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಹೀಗೆ. ಅವರು ಪೂರ್ತಿ ಕೇಳಿ, ಚಾಪೆ ಗೋಡೆಗೆ ಒರಗಿಸಿ ನನ್ನ ಎದುರು ಕೂತರು.

“ನಮ್ಮಕ್ಕ ತೀರಿಕೊಂಡಾಳಂತ ನನಗ ಗೊತ್ತೈತ್ರಿ ಮೇಡಂ. ಆಕಿನ್ನ ದಿನಾ ನೆನಸ್ತೀನಿ. ಅದಕ್ಕೂ ಮಲ್ಲಿಕಾಗೂ ಏನೂ ಸಂಬಂಧ ಇಲ್ಲ. ಅರವತ್ತು ಪೊಟ್ಟಣ ಎಲ್ಲಿ ಹೋದುವು? ನಾ ಕೇಳಿದ್ದು ಅದೊಂದ. ಅದಕ್ಕ ಉತ್ರ ಕೊಡೂದು ಬಿಟ್ಟು ಅವ್ರೂ ನನಗ ಬುದ್ಧಿ ಹೇಳಿದ್ರು, ಈಗ ನೀವೂ ಸಮಾಧಾನ ಮಾಡಾಕ ಬಂದೀರಿ.”

ತನ್ನ ಅಕ್ಕನ ವಿಷಯ ತಿಳಿದೇ ಹನುಮಂತಪ್ಪ ಹಾಗೆ ಬರೆದಿದ್ದಾರೆಂದು ಈರಮ್ಮ ಭಾವಿಸಿದ್ದರು. ಹಾಗಲ್ಲ, ಅವರಿಗೆ ಏನೂ ಗೊತ್ತಿರಲಿಲ್ಲ ಎಂದಷ್ಟು ಹೇಳಿದೆ. ಚಹಾ ಕುಡಿದು ವಾಪಸು ಬಂದೆ.

ಈರಮ್ಮನ ಮಾತನ್ನು ನಾನು ಅಕ್ಷರ ಬಿಡದೆ ಹನುಮಂತಪ್ಪನಿಗೆ ಮುಟ್ಟಿಸಿದೆ. ಅವರು ಕ್ಷಮೆಯ ಪತ್ರ ಬರೆಯುತ್ತಾರೆಂದುಕೊಂಡಿದ್ದೆ. ಅವರು ಮೂರನೆಯ ಮತ್ತು ಐದನೆಯ ಪುಸ್ತಕ ಒಯ್ದರು. ಹತ್ತು ದಿನದ ಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಪುಟ ಲೆಕ್ಕ ಬರೆದರು. ಪೊಟ್ಟಣದ ಎಣಿಕೆ ಟೀಚರ್ ಹೇಳಿದ್ದೇ ಸರಿ; ಎರಡು ಅಧ್ಯಾಯಗಳಲ್ಲಿ ಒಂದಕ್ಕೊಂದು ಹೊಂದುವಂತೆ ಇದೆ, ಅಚ್ಚಿನ ತಪ್ಪಲ್ಲ. ಇನ್ನು ಬ್ಯಾಟರಿ. ಹದಿನಾರು ದಿನ ಬರುವುದು ಇಡೀ ನಿಲ್ದಾಣದ ಲೋಡ್ ಹೊತ್ತಾಗ. ಒಂದೇ ಕೋಣೆ ಇಟ್ಟುಕೊಂಡು ಉಳಿದದ್ದೆಲ್ಲ ಬಂದ್ ಮಾಡಿದರೆ ಅದೇ ಬ್ಯಾಟರಿ ಅರವತ್ತು ದಿನ ದಾಟುತ್ತದೆ. ತುಂಗೆ ಅಲ್ಲಿಗೆ ಬಂದದ್ದು ಮೂವತ್ತನಾಲ್ಕನೇ ದಿನ. ‘ಆದ್ದರಿಂದ ಮಲ್ಲಿಕಾ ಅಲ್ಲಿಯತನಕ ಬದುಕಿರಲು ಸಾಧ್ಯ. ಇಷ್ಟು ದಿನ ಇದನ್ನು ನೋಡದೆ ಮಾತಾಡಿದ್ದು ನನ್ನ ತಪ್ಪು’ ಎಂದು ಸಹಿ ಹಾಕಿದ್ದರು. ಸಹಿಯ ಕೆಳಗೆ ಇನ್ನೊಂದು ಸಾಲು: ‘ಆದರೆ ಏಳನೆಯ ಪುಸ್ತಕದ ದನಿ ಯಂತ್ರದ್ದೇ.’

ನಾನು ಆ ಎರಡು ಪುಟದ ಫೋಟೋ ತೆಗೆದು ಈರಮ್ಮನ ಮೊಬೈಲಿಗೆ ಕಳಿಸಿದೆ. ಮುಂದಿನ ಭಾನುವಾರ ಅವರು ಬಂದು, ನನ್ನ ಕಾರ್ಡ್ ಎಲ್ಲಿದೆ ಎಂದು ಕೇಳಿದರು.

ಈಗ ಇಬ್ಬರೂ ಕೂಡಿ ಒಂದು ತೀರ್ಮಾನಕ್ಕೆ ಬಂದರು. ಬರೆದವರನ್ನೇ ಕೇಳಬೇಕು. ಏಳನೆಯ ಪುಸ್ತಕದ ಮುನ್ನುಡಿಯ ಕೆಳಗೆ ‘ಗಂಗಾವತಿ’ ಎಂದಿತ್ತು. ಹನುಮಂತಪ್ಪ ಅಲ್ಲಿಯ ಲೈನ್‌ಮನ್‌ಗಳಿಗೆ ಫೋನ್ ಹಚ್ಚಿ, ಇಂಥ ಕಾದಂಬರಿ ಬರೆದವರು ಯಾರೆಂದು ವಿಚಾರಿಸಿದರು. ಪ್ರತಿ ಓಣಿಯ ಪ್ರತಿ ಮೀಟರ್ ಗೊತ್ತಿರುವ ಮಂದಿ. ಎರಡು ವಾರದಲ್ಲಿ ಸುದ್ದಿ ಬಂತು: ತಿಮ್ಮಣ್ಣ ಮಾಸ್ತರ, ನಿವೃತ್ತ ವಿಜ್ಞಾನ ಶಿಕ್ಷಕರು, ವಯಸ್ಸು ಎಂಬತ್ತರ ಹತ್ತಿರ.

ಮೂವರೂ ಒಂದು ರಜಾದಿನ ಹೊರಟೆವು. ಕೊಪ್ಪಳದಲ್ಲಿ ಬಸ್ಸು ಬದಲಿಸಿದೆವು. ಹೇಮಗುಡ್ಡ ದಾಟುವವರೆಗೂ ಯಾರು ಮೊದಲು ಪ್ರಶ್ನೆ ಕೇಳಬೇಕು ಎಂಬುದರ ಮೇಲೆ ವಾದ ನಡೆದಿತ್ತು. ಈರಮ್ಮ ಚೀಲದಲ್ಲಿ ಐದನೆಯ ಪುಸ್ತಕವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

ಮಾಸ್ತರು ನಮ್ಮನ್ನು ನೋಡಿ ಮೊದಲು ನಂಬಲಿಲ್ಲ. ಆ ಪುಸ್ತಕಗಳನ್ನು ಈಗಲೂ ಓದುವವರಿದ್ದಾರೆಯೇ ಎಂದು ಎರಡು ಸಲ ಕೇಳಿದರು. ಹನುಮಂತಪ್ಪ ದನಿಯ ಪ್ರಶ್ನೆ ಎತ್ತಿದಾಗ ಅವರ ಮುಖ ಅರಳಿತು. ಅದು ಯಂತ್ರದ್ದೇ ಎಂದರು. ಸುಳಿವೂ ಇಟ್ಟಿದ್ದೇನೆ, ನಿಲ್ದಾಣದಿಂದ ಮಾತು ಬರಲು ಎಂಟು ನಿಮಿಷ ಬೇಕು, ಆ ದನಿ ಮಾತ್ರ ಕೇಳಿದ ಕೂಡಲೆ ಉತ್ತರ ಕೊಡುತ್ತದೆ, ಅಂದರೆ ಮಾತಾಡುವವರು ನೌಕೆಯ ಒಳಗೇ ಇದ್ದಾರೆ. ಹನುಮಂತಪ್ಪ ನನ್ನ ಕಡೆ ನೋಡಿ ಮೀಸೆ ತಿರುವಿದರು.

ಈರಮ್ಮ ಬಟ್ಟೆ ಬಿಚ್ಚಿ ಐದನೆಯ ಪುಸ್ತಕ ತೆಗೆದರು. ಎರಡು ಪುಟಗಳಿಗೆ ಗುರುತಿನ ಚೀಟಿ ಇಟ್ಟಿದ್ದರು. ಪೊಟ್ಟಣದ ಲೆಕ್ಕ ಹೇಳಿದರು. ಮಾಸ್ತರು ಭೂತಗನ್ನಡಿ ತರಿಸಿ ಎರಡೂ ಪುಟ ಓದಿದರು. ಬೆರಳಿನಿಂದ ಮೇಜಿನ ಮೇಲೆ ಗುಣಾಕಾರ ಮಾಡಿದರು. ಇನ್ನೊಮ್ಮೆ ಮಾಡಿದರು. ಆಮೇಲೆ ನಿಧಾನಕ್ಕೆ ನಡೆದದ್ದನ್ನು ಹೇಳಿದರು.

ಐದನೆಯದನ್ನು ಬರೆದವರು ಕುಷ್ಟಗಿಯ ಶಂಕ್ರಣ್ಣ, ಅವರ ಜೀವದ ಗೆಳೆಯ. ಮಾಸ್ತರು ಏಳನೆಯದನ್ನು ಬರೆಯಲು ಕೂತಾಗ ಶಂಕ್ರಣ್ಣನಿಂದ ಒಂದು ಕಾರ್ಡು ಬಂದಿತ್ತು: ‘ಐದನೆಯದನ್ನು ಲೆಕ್ಕ ಹಾಕಿ ಓದು.’ ತಾನು ಸರಿಯಾಗಿ ಓದಿಲ್ಲವೆಂದು ಚುಚ್ಚುತ್ತಿದ್ದಾನೆ ಎಂದು ಇವರಿಗೆ ಸಿಟ್ಟು ಬಂತು. ಪುಸ್ತಕ ಮತ್ತೆ ತೆರೆಯಲೇ ಇಲ್ಲ. ಮಲ್ಲಿಕಾ ಸತ್ತಳೆಂದು ಇವರು, ಬದುಕಿದ್ದಾಳೆಂದು ಅವರು, ಮಾತಿಗೆ ಮಾತು ಬೆಳೆಯಿತು. ಉಳಿದ ಇಬ್ಬರು ಬೇಸತ್ತರು. ಹತ್ತನೆಯದು ಅಲ್ಲಿಗೇ ನಿಂತಿತು. ಶಂಕ್ರಣ್ಣ ತೀರಿಕೊಂಡು ಆರು ವರ್ಷ, ಕೊನೆಯವರೆಗೂ ಇಬ್ಬರೂ ಮಾತಾಡಲಿಲ್ಲ.

ಈರಮ್ಮನ ಬೆರಳು ಪುಟದ ಮೇಲೆಯೇ ಇತ್ತು.

“ಹಂಗಾದ್ರ ಮಾಸ್ತರ, ಇಬ್ರದೂ ಕೂಡತೈತ್ರಿ. ಹತ್ತೊಂಬತ್ತನೇದಾಕಿ ಮಲ್ಲಿಕಾ. ನಿಲ್ದಾಣದಾಗ ಹತ್ತಿ ನೌಕೆದಾಗ ಅಡಗಿ ಕುಂತಾಳ. ದನಿ ನೌಕೆ ಒಳಗಿಂದ ಬಂದದ್ದೂ ಖರೇನ. ಆಕಿ ಅಲ್ಲೇ ಅದಾಳ.”

ಮಾಸ್ತರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅವರು ನಗುತ್ತಿದ್ದರು.

“ಹತ್ತನೇದಕ್ಕ ಬಾಗ್ಲಾ ತಗದಿಟ್ಟಿದ್ದ ನೋಡ್ರಿ ಆಂವಾ. ನಾ ಹೊಳ್ಳಿ ಸೈತ ನೋಡ್ಲಿಲ್ಲ.”

ಆಮೇಲೆ ಅವರು ಗೋಡೆಗೆ ತೂಗುಹಾಕಿದ್ದ ಹಳೆಯ ಡೈರಿಯಿಂದ ಒಂದು ನಂಬರ್ ಹುಡುಕಿ, ನನ್ನಿಂದಲೇ ಒತ್ತಿಸಿ, ಕುಷ್ಟಗಿಗೆ ಫೋನ್ ಮಾಡಿದರು. ಶಂಕ್ರಣ್ಣನ ಹೆಂಡತಿ ಎತ್ತಿಕೊಂಡರು. ‘ನಾನು ತಿಮ್ಮಣ್ಣ’ ಎಂದಷ್ಟೇ ಮಾಸ್ತರು ಹೇಳಿದರು. ನಂತರ ಆ ತಾಯಿ ಕೇಳಿದ್ದು ನಮ್ಮೆಲ್ಲರಿಗೂ ಸ್ಪೀಕರಿನಲ್ಲಿ ಕೇಳಿಸಿತು.

“ಅರವತ್ತು ಪೊಟ್ಟಣ ಸಿಕ್ಕುವೇನ್ರಿ ಮಾಸ್ತರ?”

ಅದೇ ತಿಂಗಳು ಮಾಸ್ತರು ಕುಷ್ಟಗಿಗೆ ಹೋಗಿಬಂದರೆಂದು ಆಮೇಲೆ ತಿಳಿಯಿತು. ಹತ್ತನೆಯ ಪುಸ್ತಕ ಬರೆಯಲು ಕಣ್ಣು ಸಾಲದು ಎನ್ನುತ್ತಾರೆ. ಈರಮ್ಮ ಬರೆದುಕೊಳ್ಳಲು ತಯಾರಿದ್ದಾರೆ, ಏನಾಗುತ್ತದೋ ನೋಡಬೇಕು. ಗಂಗಾವತಿಯಿಂದ ಮರಳುವ ಬಸ್ಸಿನಲ್ಲಿ ಹನುಮಂತಪ್ಪ ಹೊಸ ತಕರಾರು ತೆಗೆದಿದ್ದರು. ಮಲ್ಲಿಕಾ ನೌಕೆಯಲ್ಲೇ ಇದ್ದರೆ ಎಂಟನೆಯ ಪುಸ್ತಕದಲ್ಲಿ ಎಲ್ಲರಿಗೂ ಜ್ವರ ಬಂದಾಗ ಹೊರಗೆ ಯಾಕೆ ಬರಲಿಲ್ಲ? ಈರಮ್ಮ ಅದಕ್ಕೆ ಕೊಟ್ಟ ಉತ್ತರ ಕೊಪ್ಪಳ ಬಂದರೂ ಮುಗಿದಿರಲಿಲ್ಲ.

ನಾನು ನಿವೃತ್ತಳಾದೆ. ಗ್ರಂಥಪಾಲಕಿಯ ಕೆಲಸವೆಂದರೆ ಪುಸ್ತಕ ಕಾಯುವುದು, ಸದ್ದು ಅಡಗಿಸುವುದು, ನೊಂದವರಿಗೆ ಒಳ್ಳೆಯ ಮಾತಾಡುವುದು ಎಂದು ಬಹಳ ವರ್ಷ ತಿಳಿದಿದ್ದೆ. ಮಂಗಳೂರಿನ ಅಂಗನವಾಡಿಯಲ್ಲಿ ಚಾಪೆಯ ಪಕ್ಕ ಕೂತಾಗ ಅದು ತಿದ್ದಿಹೋಯಿತು. ಓದುಗರು ಒಂದು ಪ್ರಶ್ನೆ ಹಿಡಿದು ಬಂದರೆ ಅದರ ಹಿಂದಿನ ಕಾರಣ ನಾವು ಊಹಿಸಬೇಕಿಲ್ಲ. ಮೊದಲು ಅವರು ಹೇಳಿದ ಪುಟ ತೆರೆದು ನೋಡಬೇಕು. ಸಮಾಧಾನ ಹೇಳುವುದು ಅದರ ನಂತರ, ಅವರು ಕೇಳಿದರೆ ಮಾತ್ರ.